ಮೂಗುಬೊಟ್ಟಿನ ಕಪ್ಪು ಚುಕ್ಕೆ

"ಯಾವ ಪುಣ್ಯಾತ್ಗಿತ್ತಿ ಕಣವ್ವಾ, ಇದು ದೋಸದ ಕಲ್ಲು ಅಂದೋಳು?"

ಕಳೆದ ಸೋಮವಾರ ಟಿ. ನರಸೀಪುರದ ಅಕ್ಕಸಾಲಿ ಅಂಗಡಿಯಲ್ಲಿ ಮುದುಕ ಆಚಾರ್ರು ಹೀಗೆ ಕೇಳಿದಾಗ ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ. (ದೇವರ ಚಿತ್ರವಿತ್ತು. ಯಾವ ದೇವರೋ, ಕಾಣಲಿಲ್ಲ.)

ಮೂಗುಬೊಟ್ಟು ನನ್ನ ವಾರಗಿತ್ತಿ ಪಾರ್ವತಿಯದು. ಅವಳ ಅಜ್ಜಿಯ ವಜ್ರ. ಹದಿನಾರು ವರ್ಷದ ಹಿಂದೆ ಅದನ್ನು ತೊಟ್ಟೇ ನಂಜನಗೂಡಿನ ನಮ್ಮ ಮನೆಗೆ ಸೊಸೆಯಾಗಿ ಬಂದಳು. ವರ್ಷದೊಳಗೆ ಮೊದಲ ಬಸಿರು ಇಳಿದುಹೋಯಿತು. ಆ ವಾರವೇ ಬಿಸಿಲಲ್ಲಿ ಕೂರಿಸಿ ಅವಳ ತಲೆ ಬಾಚುತ್ತಿದ್ದಾಗ ನನ್ನ ಕಣ್ಣಿಗೆ ಬಿತ್ತು. ಕಲ್ಲಿನ ನಟ್ಟನಡುವೆ ಕಪ್ಪು ಚುಕ್ಕೆ! ಸೂಜಿಯಲ್ಲಿ ಚುಚ್ಚಿದ ಹಾಗೆ ತೂತು.

ವಜ್ರ ಆಗಿಬಂದರೆ ಸರಿ, ಇಲ್ಲದಿದ್ದರೆ ಮನೆಯನ್ನೇ ತಿನ್ನುತ್ತದೆ ಎನ್ನುವ ಮಾತನ್ನು ನೀವೂ ಕೇಳಿದ್ದೀರಿ. ಅತ್ತೆಯ ಕಿವಿಗೆ ಹಾಕಿದೆ. ಸಂಜೆಯೊಳಗೆ ಅವರು ಬಿಚ್ಚಿಸಿದರು.

ಬಿಚ್ಚಿದ ಮೇಲೂ ಮಕ್ಕಳಾಗಲಿಲ್ಲ. "ತವರಿಂದ ನಾನೇ ತಂದೆನಲ್ಲಾ ಅಕ್ಕಾ, ನನ್ ಮಗೂನ ನಾನೇ ತಿಂದ್ಕೊಂಡೆ" ಎನ್ನುತ್ತಿದ್ದಳು ಪಾರ್ವತಿ. ಈಗ ಅದನ್ನು ಮಾರಿ ಹುಂಡಿಗೆ ಹಾಕುತ್ತೇನೆಂದು ಹೊರಟಿದ್ದಳು. ಜೊತೆಗೆ ನಾನು.

ಆಚಾರ್ರು ನಮ್ಮ ಕೈಗೆ ಲೆನ್ಸ್ ಕೊಟ್ಟರು. "ತೂತಲ್ಲ ಕಣವ್ವಾ. ಆಗ ಈಗಿನಂಗೆ ಮಿಷಿನ್ ಎಲ್ಲಿತ್ತು? ಕೈಲೇ ಉಜ್ಜೋರು. ತಳದ ಮೊನೆ ಮುರೀಬಾರ್ದು ಅಂತ ಒಸಿ ಚಪ್ಪಟೆ ಮಾಡೋರು. ಮ್ಯಾಲಿಂದ ನೋಡುದ್ರೆ ಅದೇ ಚುಕ್ಕೆಯಂಗೆ ಕಾಣ್ತದೆ. ಉಜ್ಜಿರೋ ಮುಖಗಳ್ನೂ ನೋಡಿ, ಒಂದು ದೊಡ್ದು, ಒಂದು ಚಿಕ್ದು. ಹಳೇ ಕಟಿಂಗ್‌ಗೆ ಇದೇ ಗುರ್ತು. ಕಲ್ಲು ಚೆನ್ನಾಗದೆ!"

ಆಮೇಲೆಯೇ ಆ ಪುಣ್ಯಾತ್ಗಿತ್ತಿಯ ಪ್ರಶ್ನೆ.

"ನಮ್ಮತ್ತೆ. ಪಾಪ, ಈಗಿಲ್ಲ" ಎಂದಳು ಪಾರ್ವತಿ. ನಾನು ಕ್ಯಾಲೆಂಡರಿನ ತಾರೀಖು ಓದುತ್ತಿದ್ದೆ. (ಸತ್ತವರ ಮೇಲೆ ಹೊರಿಸುವುದು ಎಷ್ಟು ಸಲೀಸು!)

ಮಾರಲಿಲ್ಲ. ತೊಡೋಣವೆಂದರೆ ಮೂಗು ಎಂದೋ ಕೂಡಿಕೊಂಡಿತ್ತು. ಮತ್ತೆ ಚುಚ್ಚುತ್ತೇನೆಂದರು ಆಚಾರ್ರು. "ಬುಡಿ, ಇನ್ಯಾರಿಗೆ ತೋರಿಸ್ಲಿ" ಎಂದಳು.

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಅಷ್ಟಾದರೂ ಕೊಟ್ಟನಲ್ಲ ನಂಜುಂಡ, ಎಂದುಕೊಂಡೆ. ಪಾರ್ವತಿ ಕಿಟಕಿಯಿಂದ ಮುಖ ತಿರುಗಿಸದೆಯೇ ಹೇಳಿದಳು: "ಅಕ್ಕಾ, ಅವತ್ತು ನೀವು ಅತ್ತೆಗೆ ಹೇಳ್ತಿದ್ದಾಗ ನಾನು ಹಿತ್ಲು ಬಾಗ್ಲಲ್ಲೇ ನಿಂತಿದ್ದೆ."

ಇನ್ನೂ ಅಕ್ಕಾ ಎನ್ನುತ್ತಾಳೆ. ಅದೂ ಅವನ ಕರುಣೆಯೇ.

ಹದಿನೈದು ವರ್ಷ ಅವಳನ್ನು ಬರಿಮೂಗಲ್ಲಿ ಕೂರಿಸಿ, ಅದೇ ಮನೆಯಲ್ಲಿ ನಾನು ದಿನಾ ಹಚ್ಚಿದ ದೀಪ ಯಾವ ದೇವರಿಗೆ ತಲುಪಿದ್ದೀತು, ಹೇಳಿ?