ಆಂಟಿ, ಸ್ವಲ್ಪ ಮಗು ಹಿಡ್ಕಳಿ

ಬಸ್ಸಿನಲ್ಲಿ ನಿಂತವರ ಮಗು ಕೂತವರ ಮಡಿಲಿಗೆ ಬರುವುದು ನಮ್ಮ ಕಡೆ ಹೊಸದೇನಲ್ಲ. ಅನುಮತಿಯನ್ನೂ ಕೇಳುವುದಿಲ್ಲ, 'ಸ್ವಲ್ಪ ಹಿಡ್ಕಳಿ' ಅಂತ ಇಟ್ಟೇ ಬಿಡುತ್ತಾರೆ. ಹೋದ ವಾರ ನನ್ನ ಮಡಿಲಿಗೂ ಒಂದು ಬಂತು. ಆದರೆ ಅದನ್ನು ವಾಪಸ್ ತಗೊಳ್ಳಲು ಯಾರೂ ಬರಲಿಲ್ಲ.

ಅರಸೀಕೆರೆಯಿಂದ ಬೇಲೂರಿಗೆ ಹೊರಟಿದ್ದೆ. ತಂಗಿಯ ಮಗಳು ಚೈತ್ರಾಳ ಸೀಮಂತ. ಕಾಲ ಬಳಿ ಬ್ಯಾಗು, ಅದರಲ್ಲಿ ಎರಡು ಡಜನ್ ಹಸಿರು ಗಾಜಿನ ಬಳೆ, ಒಂದಷ್ಟು ಕೊಬ್ಬರಿ. (ನಮ್ಮೂರಿನವರು ಎಲ್ಲಿಗೆ ಹೋದರೂ ಕೊಬ್ಬರಿ ಬಿಟ್ಟು ಹೋಗುವುದಿಲ್ಲ. ಬೇಕಾ ಅಂತ ಯಾರನ್ನೂ ಕೇಳುವುದೂ ಇಲ್ಲ.) ಜಾವಗಲ್ಲಿನಲ್ಲಿ ಜನ ನುಗ್ಗಿದರು. ಅವರ ನಡುವೆ ಒಬ್ಬ ಹುಡುಗಿ. ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಅಂಥ ಬಿಸಿಲಲ್ಲೂ ತಲೆಗೆ ಸ್ಕಾರ್ಫ್ ಬಿಗಿದಿದ್ದಳು, ಕಿವಿಯಲ್ಲಿ ಹತ್ತಿ. ಬಾಣಂತಿ ಅಂತ ಗೊತ್ತಾಗಲು ಇನ್ನೇನು ಬೇಕು?

"ಆಂಟಿ, ಸ್ವಲ್ಪ ಮಗು ಹಿಡ್ಕಳಿ" ಅಂದಳು. ಹಿಡಿದುಕೊಂಡೆ. ಕೆನ್ನೆಯ ಮೇಲೆ ದೃಷ್ಟಿಬೊಟ್ಟು ಇಟ್ಟುಕೊಂಡು ಗಾಢ ನಿದ್ದೆಯಲ್ಲಿತ್ತು.

"ಎಷ್ಟು ತಿಂಗಳಮ್ಮ?"

"ಎರಡೂವರೆ."

"ಗಂಡಾ?"

"ಹ್ಞೂಂ."

"ಪುಣ್ಯವಂತೆ ಬಿಡು" ಅಂದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಕಣ್ಣು ಕೆಂಪಾಗಿತ್ತು. ಧೂಳು ಬಿದ್ದಿರಬೇಕು ಅಂದುಕೊಂಡೆ.

ಹಳೇಬೀಡಿನಲ್ಲಿ ಬಸ್ಸು ನಿಂತಾಗ ಮಗುವಿನ ಬಟ್ಟೆಯ ಚೀಲವನ್ನೂ ನನ್ನ ಕಾಲ ಬಳಿ ಇಟ್ಟಳು. "ನೀರು ಕುಡ್ಕಂಡ್ ಬತ್ತೀನಿ ಆಂಟಿ" ಎಂದು ಇಳಿದಳು. ನೀರು ಕುಡಿಯಲು ಎಷ್ಟು ಹೊತ್ತು ಬೇಕು? ಡ್ರೈವರ್ ಹತ್ತಿದ, ಹಾರ್ನ್ ಹೊಡೆದ. ಕಂಡಕ್ಟರ್ ನನ್ನ ಹತ್ತಿರ ಬಂದ.

"ನಿಮ್ ಮಗಳೆಲ್ಲಮ್ಮ? ಟೈಮಾಯ್ತು."

"ನನ್ನ ಮಗಳಲ್ಲಪ್ಪ."

"ಮತ್ತೆ ಮಗು?"

"ಮಗೂನೂ ನನ್ನದಲ್ಲ."

ಹಿಂದಿನ ಸೀಟಿನಲ್ಲಿ ಇಬ್ಬರು ನಕ್ಕರು. ನನಗೂ ನಗು ಬಂತು. ಇನ್ನೂ ಐದು ನಿಮಿಷ ಕಾದೆವು. ಆಮೇಲೆ ಯಾರೂ ನಗಲಿಲ್ಲ.

ಎರಡು ಚೀಲ, ಒಂದು ಮಗು ಹೊತ್ತು ಇಳಿದೆ. ಬಸ್ಸು ಹೊರಟಿತು. ಎದುರಿಗೆ ದೇವಸ್ಥಾನದ ಗೇಟಿನಲ್ಲಿ ಟೂರ್‌ಗೆ ಬಂದ ಶಾಲೆಯ ಮಕ್ಕಳು ಸಾಲು ನಿಂತು ಗಲಾಟೆ ಮಾಡುತ್ತಿದ್ದರು. ಹುಡುಗಿಯೇನೂ ದೂರ ಹೋಗಿರಲಿಲ್ಲ. ರಸ್ತೆಯ ಆ ಬದಿ, ಮುಚ್ಚಿದ್ದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತಿದ್ದಳು. ಬೇಲೂರಿನ ಕಡೆ ಹೋಗುತ್ತಿದ್ದ ಬಸ್ಸನ್ನೇ ನೋಡುತ್ತಿದ್ದಳು. ಮಗು ಅದರಲ್ಲೇ ಹೋಯಿತು ಅಂತ ಅವಳ ಲೆಕ್ಕ. ಓಡಲಿಲ್ಲ, ಕೂಗಲಿಲ್ಲ. ಹೊರೆ ಇಳಿಸಿ ಸುಧಾರಿಸಿಕೊಳ್ಳುವವರ ಹಾಗೆ ಕೂತಿದ್ದಳು. ಮಗುವನ್ನು ಎದೆಗೊತ್ತಿಕೊಂಡು ರಸ್ತೆ ದಾಟಿದೆ.

ಆಮೇಲೆ ನನ್ನನ್ನು ನೋಡಿದಳು. ನೋಡಿದ್ದೇ ಮುಖ ಕುಸಿಯಿತು.

"ಯಾಕಿಳಿದ್ರಿ ಆಂಟಿ? ನೀವು ಒಳ್ಳೆಯವರ ಥರ ಕಂಡ್ರಿ. ಚೆನ್ನಾಗ್ ನೋಡ್ಕತೀರ ಅನ್ಕಂಡೆ."

ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಸುಳ್ಳು ಯಾಕೆ ಹೇಳಲಿ? ಆದರೆ ಅಷ್ಟರಲ್ಲಿ ಮಗು ಎದ್ದು ಅತ್ತಿತು. ಅದು ಅತ್ತ ಕೂಡಲೇ ಅವಳ ರವಿಕೆಯ ಎದೆಭಾಗ ಒದ್ದೆಯಾಯಿತು. ಆ ಒದ್ದೆಯನ್ನು ಅವಳು ಬೇರೆ ಯಾರದೋ ಬಟ್ಟೆ ನೋಡುವ ಹಾಗೆ ನೋಡಿದಳು. ನನ್ನ ಕೋಪ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಪಕ್ಕದಲ್ಲಿ ಕೂತೆ. ಮಗುವಿಗೆ ಹಾಲು ಕುಡಿಸಲು ಹೇಳಿ, ನನ್ನ ನೀರಿನ ಬಾಟಲ್ ಕೊಟ್ಟೆ. ಪೂರ್ತಿ ಒಂದು ಲೀಟರ್, ಉಸಿರು ತಗೊಳ್ಳದೆ ಕುಡಿದಳು.

ನಿಮ್ಮಲ್ಲಿ ಎಷ್ಟೋ ಮನೆಗಳಿಗೆ ಗೊತ್ತಿರುವ ವಿಷಯವೇ. ಬಾಣಂತಿ ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆ, ಮಗುವಿಗೆ ಶೀತವಾಗುತ್ತದೆಯಂತೆ. ಹಾಗಾಗಿ ಅವಳಿಗೆ ದಿನಕ್ಕೆ ಎರಡು ಲೋಟ ಬಿಸಿನೀರು, ಅದೂ ಗುಟುಕು ಗುಟುಕಾಗಿ. ಹಾಲು ಮಾತ್ರ ಧಾರಾಳವಾಗಿ ಬರಬೇಕು! ಎಲ್ಲಿಂದ ಬರಬೇಕಿತ್ತು?

ಮಗುವಿಗೆ ಇಂಜೆಕ್ಷನ್ ಹಾಕಿಸಲು ಹೊರಟವಳಂತೆ ಅವಳು. ತೋಟಕ್ಕೆ ಕಾಯಿ ಕೆಡವುವವರು ಬಂದಿದ್ದರಿಂದ ಅವಳ ಅವ್ವ ಜೊತೆಗೆ ಬರಲಿಲ್ಲ. ಆಸ್ಪತ್ರೆ ಜಾವಗಲ್ಲಿನಲ್ಲೇ. ಅದನ್ನು ದಾಟಿ ನಡೆದು ಬಸ್ ಹತ್ತಿದ್ದಳು.

"ಮಗು ಮುಖ ನೋಡಿದ್ ತಕ್ಷಣ ಪ್ರೀತಿ ಉಕ್ಕುತ್ತೆ ಅಂದಿದ್ರು ಆಂಟಿ. ನಂಗೆ ಏನೂ ಆಗ್ಲಿಲ್ಲ. ಯಾರ್ದೋ ಮಗು ತಂದು ಪಕ್ಕದಲ್ಲಿ ಮಲಗ್ಸಿದಂಗಿತ್ತು." ಹೊಲಿಗೆ ಹಾಕಿದ ಜಾಗ ತಿಂಗಳಾದರೂ ಕೂರಲು ಬಿಡಲಿಲ್ಲ. ಮೊಲೆತೊಟ್ಟು ಒಡೆದು ರಕ್ತ ಬಂತು. ಸಂಜೆಯಾದರೆ ಸುಮ್ಮಸುಮ್ಮನೆ ಅಳು. ಅತ್ತರೆ ಮಗುವಿಗೆ ಆಗುವುದಿಲ್ಲ ಅಂತ ಮನೆಯವರು ಗದರುತ್ತಿದ್ದರು. ಅದಕ್ಕೆ ಎಲ್ಲಿ ಅಳುತ್ತಿದ್ದಳಂತೆ ಗೊತ್ತೆ? ಎಣ್ಣೆನೀರು ಹಾಕಿ, ಕೆಂಡಕ್ಕೆ ಸಾಂಬ್ರಾಣಿ ಹಾಕಿ ಹೊಗೆ ಕೊಡುವಾಗ. ಆಗ ಎಲ್ಲರ ಕಣ್ಣಲ್ಲೂ ನೀರು ಬರುತ್ತದಲ್ಲ.

"ಎಲ್ರೂ ಒಂದೇ ಕೇಳೋರು. ಗಂಡ್ ಮಗ ಐತೆ, ಇನ್ನೇನ್ ಕಮ್ಮಿ ನಿಂಗೆ ಅಂತ." (ಬಸ್ಸಿನಲ್ಲಿ ನಾನು ಹೇಳಿದ್ದು ಬೇರೇನಾ?)

ಆಗ ನಾನು ಇಪ್ಪತ್ತೆಂಟು ವರ್ಷದಿಂದ ಯಾರಿಗೂ ಹೇಳದ್ದನ್ನು ಹೇಳಿದೆ. ನನ್ನ ಮಗ ನಲವತ್ತು ದಿನದವನಿದ್ದಾಗ ಒಂದು ಮಧ್ಯಾಹ್ನ ಎಷ್ಟು ತೂಗಿದರೂ ಅಳು ನಿಲ್ಲಿಸಲಿಲ್ಲ. ಅವನನ್ನು ತೊಟ್ಟಿಲಲ್ಲಿ ಬಿಟ್ಟು, ಬಾಗಿಲು ಹಾಕಿ, ಹಿತ್ತಲಿನ ಒಗೆಯೋ ಕಲ್ಲಿನ ಮೇಲೆ ಕಿವಿ ಮುಚ್ಚಿ ಕೂತಿದ್ದೆ. ಈ ಅಳು ಒಂದೇ ಸಲ ನಿಂತುಹೋದರೆ ಸಾಕು ಅಂದುಕೊಂಡಿದ್ದೆ. ನಿಂತುಹೋಗುವುದು ಅಂದರೆ ಏನು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. (ಮಗ ಇದನ್ನು ಓದುವ ಭಯವಿಲ್ಲ. ಅಮ್ಮನ ಅಂಕಣ ಯಾವ ಮಗ ಓದುತ್ತಾನೆ?)

"ನಿಮ್ಗೂನಾ?" ಅಂದಳು. ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದಳು. "ಮತ್ತೆ ಯಾರೂ ಯಾಕ್ ಮೊದ್ಲೇ ಹೇಳಲ್ಲ ಆಂಟಿ? ಇದು ನಂಗೊಬ್ಳಿಗೇ ಅನ್ಕಂಡಿದ್ದೆ. ನಾನೇ ಸರಿಯಿಲ್ಲ ಅನ್ಕಂಡಿದ್ದೆ."

ಅವಳಿಂದ ಅವ್ವನ ನಂಬರ್ ತಗೊಂಡು ಫೋನ್ ಮಾಡಿದೆ. ಒಂದು ಗಂಟೆಯಲ್ಲಿ ಆಟೋದಲ್ಲಿ ಬಂದಿಳಿದರು. ಬಂದವರೇ ಮಗುವನ್ನು ಕಿತ್ತುಕೊಂಡು ಮಗಳನ್ನು ಬೈಯಲು ಶುರು ಮಾಡಿದರು. "ಏನ್ ಕಮ್ಮಿ ಮಾಡಿದೀವಿ ನಿಂಗೆ? ದಿನಾ ಎಣ್ಣೆನೀರು ಹಾಕಿಲ್ವಾ, ತುಪ್ಪ ಬಡ್ಸಿಲ್ವಾ? ನಾನೂ ಮೂರು ಹೆತ್ತಿಲ್ವಾ? ಹೆಂಗೋ ತಡ್ಕಳಲಿಲ್ವಾ?"

"ಹೆಂಗೋ ಅಂದ್ರೆ ಹೆಂಗಮ್ಮ?" ಅಂತ ಕೇಳಿದೆ.

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ರಸ್ತೆ ನೋಡಿದರು. ಆಕೆಗೂ ಇದು ಹೊಸದಲ್ಲ ಅಂತ ಅಲ್ಲಿಗೆ ನನಗೆ ಅರ್ಥವಾಯಿತು.

ಹೇಳಬೇಕಾದ್ದನ್ನೆಲ್ಲ ಹೇಳಿದೆ. ಇದು ಕಾಯಿಲೆ, ಹೆರಿಗೆಯ ನಂತರ ಎಷ್ಟೋ ಜನಕ್ಕೆ ಬರುತ್ತದೆ, ಔಷಧಿ ಇದೆ, ವಾಸಿಯಾಗುತ್ತದೆ. ಇವತ್ತೇ ಡಾಕ್ಟರಿಗೆ ತೋರಿಸಿ, ಇವಳನ್ನು ಒಬ್ಬಳೇ ಬಿಡಬೇಡಿ, ನಾನೂ ಜೊತೆಗೆ ಬರುತ್ತೇನೆ ಅಂದೆ. "ಗಾಳಿ ಸೋಕು ಮೇಡಂ. ದಾರ ಕಟ್ಸಿದೀವಿ" ಅಂದರು. ಆಮೇಲೆ ದನಿ ತಗ್ಗಿಸಿ, "ಹುಚ್ಚು ಅಂತ ಸುದ್ದಿಯಾದ್ರೆ ಗಂಡನ ಮನೆಯೋರು ಕರ್ಕಳಲ್ಲ. ನೀವು ಬರೋದು ಬ್ಯಾಡ, ನಾಳೆ ನಾವೇ ಹಾಸ್ನಕ್ಕೆ ಕರ್ಕಂಡೋಯ್ತೀವಿ" ಅಂದರು. ಆಟೋ ಹೊರಟಿತು. ಹುಡುಗಿ ನನ್ನ ಖಾಲಿ ಬಾಟಲನ್ನು ಕೈಯಲ್ಲೇ ಹಿಡಿದುಕೊಂಡು ಹೋದಳು.

ಬೇಲೂರು ತಲುಪಿದಾಗ ಊಟದ ಎರಡು ಪಂಕ್ತಿ ಮುಗಿದಿತ್ತು. ಚೈತ್ರಾ ಹೂವಿನ ಜಡೆ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಬಳೆ ತೊಡಿಸುವಾಗ ನನ್ನ ಕೈ ಹಿಡಿದೆಳೆದು ಮೆಲ್ಲಗೆ ಕೇಳಿದಳು: "ದೊಡ್ಡಮ್ಮ, ನಿಜ ಹೇಳು. ತುಂಬ ಕಷ್ಟಾನಾ?"

ಮೆಲ್ಲಗೆ ಕೇಳಿದ್ದು ಎಲ್ಲರಿಗೂ ಕೇಳಿಸಿತು. ಹೆಂಗಸರೆಲ್ಲ ತಿರುಗಿದರು. ಬಸುರಿಯ ಮುಂದೆ ಕೆಟ್ಟ ಮಾತಾಡಬಾರದು. ಇದು ಯಾರೂ ಬರೆದಿಡದ, ಎಲ್ಲರೂ ಪಾಲಿಸುವ ಕಾನೂನು. ತಂಗಿ ಹಿಂದಿನಿಂದ ಮೊಣಕೈಯಲ್ಲಿ ತಿವಿದಳು. ನನ್ನ ಸೀರೆಯಲ್ಲಿ ಆ ಮಗುವಿನ ಹಾಲಿನ ವಾಸನೆ ಇನ್ನೂ ಇತ್ತು.

"ಮಗು ಮುಖ ನೋಡಿದ್ರೆ ಎಲ್ಲಾ ಮರ್ತೋಗುತ್ತೆ ಕಣೇ."

ಹೌದು, ನಾನೇ ಅಂದೆ. ಚೈತ್ರಾ ಸಮಾಧಾನದಿಂದ ನಕ್ಕಳು. ಹೆಂಗಸರು ಆರತಿ ತಟ್ಟೆ ಎತ್ತಿದರು. ಹಳೇಬೀಡಿನ ಆ ಮೆಟ್ಟಿಲ ಮೇಲೆ ಯಾರೋ ಒಬ್ಬಳು ನನ್ನನ್ನು ಒಳ್ಳೆಯವಳು ಅಂದುಕೊಂಡಿದ್ದಳು, ಪಾಪ.

ಇದಾಗಿ ಆರು ದಿನ. ಆ ನಂಬರಿಗೆ ಎರಡು ಸಲ ಮಾಡಿದೆ. "ಚೆನ್ನಾಗವ್ಳೆ ಮೇಡಂ, ದೃಷ್ಟಿ ತೆಗ್ಸಿದೀವಿ, ಹಾಸ್ನ ಎಲ್ಲ ಏನ್ ಬ್ಯಾಡ" ಎಂದು ಅವ್ವ ಫೋನಿಟ್ಟರು. ಅವಳಿಗೆ ಕೊಡಿ ಅಂದರೆ ಮಲಗಿದಾಳೆ ಅಂದರು, ಎರಡು ಸಲವೂ. ನಿನ್ನೆಯಿಂದ ಸ್ವಿಚ್ ಆಫ್.

ಅವತ್ತು ಬಟ್ಟೆಯ ಚೀಲದಲ್ಲಿದ್ದ ಮಗುವಿನ ಇಂಜೆಕ್ಷನ್ ಕಾರ್ಡಿನಲ್ಲಿ ಊರಿನ ಹೆಸರು ನೋಡಿಕೊಂಡಿದ್ದೆ, ಜಾವಗಲ್ಲಿನ ಪಕ್ಕದ ಹಳ್ಳಿ. ನಾಳೆ ಬೆಳಗ್ಗೆ ಜಾವಗಲ್ಲಿಗೆ ಹೊರಡುತ್ತೇನೆ. ಆ ಮನೆಯವರು ಬಾಗಿಲಲ್ಲೇ ನಿಲ್ಲಿಸಿ ಬೈದರೂ ಸರಿ, ಅವಳನ್ನು ಕಣ್ಣಾರೆ ನೋಡದೆ ಬರುವುದಿಲ್ಲ.

ಅದೇ ಬಸ್ಸು ಮುಂದೆ ಬೇಲೂರಿಗೂ ಹೋಗುತ್ತದೆ. ಚೈತ್ರಾಳ ಮನೆಯವರೆಗೂ ಹೋಗಿ ನಿಜ ಹೇಳುವ ಧೈರ್ಯ ನನಗಿದೆಯಾ?