ಮುಖದ ಕೆಲಸ

ಆಮ್ರಪಾಲಿ ಹುಬ್ಬು ತಿದ್ದಲು ಕಲಿತದ್ದು ಗೋಕಾಕದಲ್ಲಿ, ಶೋಭಾ ಎಂಬುವರ ಬ್ಯೂಟಿ ಪಾರ್ಲರಿನಲ್ಲಿ. ಪಿಯುಸಿ ಮುಗಿಸಿದ ವರ್ಷವೇ ಕುಲಗೋಡದಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಮರಳುವುದು ಶುರುವಾಯಿತು. ಮೊದಲ ಆರು ತಿಂಗಳು ಕಸ ಗುಡಿಸಿದಳು, ಟವೆಲ್ ಒಗೆದಳು, ಬಾಜೂ ನಿಂತು ನೋಡಿದಳು. ಆಮೇಲೆ ಒಂದು ದಿನ ಶೋಭಾ ದಾರದ ಉಂಡೆಯನ್ನು ಕೈಗೆ ಕೊಟ್ಟರು. ದಾರದ ಒಂದು ತುದಿ ಹಲ್ಲಿನಲ್ಲಿ ಕಚ್ಚಿರಬೇಕು, ಉಳಿದದ್ದು ಎರಡೂ ಕೈಯಲ್ಲಿ, ನಡುವೆ ನಾಲ್ಕೈದು ತಿರುವು. ಬೆರಳು ಅಗಲಿಸಿದಂತೆ ಆ ತಿರುವು ಮುಂದೆ ಸರಿದು ಕೂದಲನ್ನು ಬುಡದಿಂದ ಎಳೆದುಕೊಂಡು ಬರುತ್ತದೆ. ಹುಡುಗಿ ತನ್ನ ಮೊಣಕಾಲಿನ ಕೆಳಗೇ ಅಭ್ಯಾಸ ಮಾಡಿದಳು. ಮೀನಖಂಡ ಕೆಂಪಾಗಿ ಉರಿಯುತ್ತಿತ್ತು. ಬಸ್ಸಿನಲ್ಲಿ ಕಾಲು ಮುಟ್ಟಿಕೊಂಡು ಕೂಡುತ್ತಿದ್ದಳು.

ತಾಯಿ ಉದ್ದವ್ವ ಕಬ್ಬಿನ ಹೊಲದಲ್ಲಿ ಕಳೆ ತೆಗೆಯುವ ಕೆಲಸದವಳು. ಒಂದು ಭಾನುವಾರ ಮಗಳು ಹಟ ಹಿಡಿದು ಅವಳ ಹುಬ್ಬಿಗೆ ದಾರ ಹಚ್ಚಿದಳು. ಹೊಲದಲ್ಲಿ ಎಲ್ಲರೂ ನಗುತ್ತಾರೆ ಎಂದು ಉದ್ದವ್ವ ಗೊಣಗಿದಳು. ಎರಡು ಕೂದಲು ಕಿತ್ತುಬಂದಾಗ ಕಣ್ಣಲ್ಲಿ ನೀರು ಬಂತು. ಮರುದಿನ ಹೊಲದಲ್ಲಿ ಯಾರೂ ನಗಲಿಲ್ಲ, ಏಕೆಂದರೆ ಯಾರಿಗೂ ಗೊತ್ತೇ ಆಗಲಿಲ್ಲ. ಅದನ್ನು ಕೇಳಿ ಆಮ್ರಪಾಲಿಗೆ ಖುಷಿಯಾಯಿತು.

ಆಗ ಗೋಕಾಕದ ಹುಡುಗಿಯರಿಗೆಲ್ಲ ಗೆರೆ ಎಳೆದಂಥ ತೆಳ್ಳನೆಯ ಹುಬ್ಬು ಬೇಕಿತ್ತು. ಶೋಭಾ ಅವರು ಬಂದವರೆಲ್ಲರಿಗೂ ಒಂದೇ ಬಾಗು ತರುತ್ತಿದ್ದರು. ಆಮ್ರಪಾಲಿ ಹಾಗಲ್ಲ. ಗಿರಾಕಿಯನ್ನು ಕೂರಿಸಿ ಕ್ಷಣಹೊತ್ತು ಮುಖ ನೋಡುತ್ತ ನಿಲ್ಲುತ್ತಿದ್ದಳು. ಹುಬ್ಬು ಎಲ್ಲಿ ತಾನಾಗಿಯೇ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಗುರುತು ಹಿಡಿದು, ಆ ಗೆರೆಯ ಹೊರಗೆ ಬೆಳೆದದ್ದನ್ನಷ್ಟೇ ತೆಗೆಯುತ್ತಿದ್ದಳು. ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಕೆಲವರು ಬಾಗಿಲಲ್ಲೇ ಕೇಳುತ್ತಿದ್ದರು, ಆ ಕುಲಗೋಡದ ಹುಡುಗಿ ಬಂದಿದ್ದಾಳಾ ಎಂದು.

ಅಂಥ ದಿನಗಳಲ್ಲೇ ಕೌಜಲಗಿಯ ಕಾಶೆವ್ವ ಮಗಳನ್ನು ಕರೆದುಕೊಂಡು ಬಂದರು. ಮಗಳಿಗೆ ಮದುವೆ ಗೊತ್ತಾಗಿತ್ತು. ಆಮ್ರಪಾಲಿ ಪೌಡರ್ ಹಚ್ಚಿ ದಾರ ಕಚ್ಚಿಕೊಳ್ಳುವಷ್ಟರಲ್ಲಿ ಕಾಶೆವ್ವ, ಯಾವ ಊರು, ಯಾವ ಓಣಿ ಎಂದು ವಿಚಾರಿಸಿದರು. ಆಮ್ರಪಾಲಿ ಮುಚ್ಚಿಡಲಿಲ್ಲ. ಕುಲಗೋಡ, ಬುದ್ಧ ವಿಹಾರದ ಬಾಜೂ ಓಣಿ ಎಂದಳು. ದಲಿತರ ಓಣಿ ಎಂಬುದು ಅಷ್ಟರಿಂದಲೇ ತಿಳಿಯುತ್ತದೆ. ಕಾಶೆವ್ವ ಜಗಳ ಮಾಡಲಿಲ್ಲ, ದನಿಯನ್ನೂ ಏರಿಸಲಿಲ್ಲ. ಎದ್ದುಹೋಗಿ ಶೋಭಾ ಅವರ ಕಿವಿಯ ಹತ್ತಿರ, ಆದರೆ ಎಲ್ಲರಿಗೂ ಕೇಳುವಂತೆ, ಹೇಳಿದರು: "ಲಗ್ನದ ಹುಡುಗಿರಿ. ಆಕಿ ಬಾಯಾಗಿನ ದಾರ ಮಾರಿಗೆ ಬ್ಯಾಡ. ನೀವ ಮಾಡ್ರಿ."

ಶೋಭಾ ಕೈ ಒರೆಸಿಕೊಂಡು ಬಂದು ತಾವೇ ಮಾಡಿದರು.

ಮರುದಿನದಿಂದ ಆಮ್ರಪಾಲಿಯ ಜಾಗ ಬದಲಾಯಿತು. ಮುಖದ ಕುರ್ಚಿಯ ಹತ್ತಿರ ಅವಳನ್ನು ಕರೆಯಲಿಲ್ಲ. ಮೂಲೆಯಲ್ಲಿ ಒಂದು ಮಣೆ, ಬಿಸಿನೀರಿನ ಟಬ್ಬು; ಬಂದವರ ಹಿಮ್ಮಡಿ ತಿಕ್ಕುವುದು, ಕಾಲುಗುರು ಕತ್ತರಿಸುವುದು. ಶೋಭಾ ಕೆಟ್ಟವರಲ್ಲ, ಹಬ್ಬಕ್ಕೆ ಸೀರೆ ಕೊಟ್ಟಿದ್ದರು, ಉದ್ದವ್ವನಿಗೆ ಜ್ವರ ಬಂದಾಗ ಮಾತ್ರೆ ಕಳಿಸಿದ್ದರು. ಗಿರಾಕಿ ಕಳೆದುಕೊಂಡರೆ ಅಂಗಡಿ ಹೇಗೆ ನಡೆಯಬೇಕು, ಸ್ವಲ್ಪ ದಿನ ತಡಿ ಎಂದು ಅವರು ಸಮಾಧಾನ ಹೇಳಿದರು.

ಆಮ್ರಪಾಲಿ ಅಳಲಿಲ್ಲ. ಅಡ್ಡಿಯಾದದ್ದು ಬಾಯಿ ತಾನೆ, ಹಾಗಾದರೆ ಬಾಯಿಯಲ್ಲಿ ದಾರ ಹಿಡಿಯುವುದನ್ನು ಬಿಟ್ಟು ಕಲಿಯೋಣ ಎಂದು ನಿರ್ಧಾರ ಮಾಡಿದಳು. ದೊಡ್ಡ ಊರುಗಳಲ್ಲಿ ದಾರವನ್ನು ಕೊರಳಿಗೆ ಸುತ್ತಿಕೊಂಡು ಹುಬ್ಬು ತೆಗೆಯುತ್ತಾರೆಂದು ಮೊಬೈಲಿನಲ್ಲಿ ನೋಡಿದ್ದಳು. ಗೋಕಾಕದಲ್ಲಿ ಹಾಗೆ ಮಾಡುವವರನ್ನು ಅವಳು ಕಂಡಿರಲಿಲ್ಲ. ಮನೆಯಲ್ಲಿ ತಮ್ಮ ಸಾಗರ ತನ್ನ ಮುಂಗೈ ಚಾಚಿ ಕೂಡುತ್ತಿದ್ದ, ಅವಳು ಎಳೆಯುತ್ತಿದ್ದಳು. ಹಲ್ಲು ಹಿಡಿದಷ್ಟು ಬಿಗಿಯಾಗಿ ಕೊರಳು ಹಿಡಿಯುವುದಿಲ್ಲ, ದಾರ ಸಡಿಲಾದರೆ ಕೂದಲು ನಡುವೆಯೇ ತುಂಡಾಗುತ್ತದೆ. ಕೊರಳ ಹಿಂದೆ ಬರೆ ಬಿದ್ದು ಸ್ನಾನದ ನೀರು ತಾಗಿದರೆ ಚುರ್ರೆನ್ನುತ್ತಿತ್ತು. ಒಂದೂವರೆ ತಿಂಗಳಿಗೆ ಕೈ ಕುದುರಿತು.

ಶೋಭಾ ಅವರನ್ನೇ ಕುರ್ಚಿಯಲ್ಲಿ ಕೂರಿಸಿ ಮಾಡಿ ತೋರಿಸಿದಳು. ಕನ್ನಡಿ ನೋಡಿಕೊಂಡ ಶೋಭಾ, ನನಗಿಂತ ನಿನ್ನ ಕೈಯೇ ಹಗುರ ಎಂದು ಮನಸಾರೆ ಹೊಗಳಿದರು. ಮರುದಿನ ಬೆಳಿಗ್ಗೆ ಮೊದಲ ಗಿರಾಕಿ ಒಳಗೆ ಬಂದಾಗ, ಬಿಸಿನೀರಿನ ಟಬ್ಬಿನ ಕಡೆಗೆ ಕೈ ತೋರಿಸಿದರು.

ಆ ಸಂಜೆ ಎಲ್ಲರೂ ಹೋದ ಮೇಲೆ ಆಮ್ರಪಾಲಿ ಕೇಳಿದಳು. "ಬಾಯಾಗ ದಾರ ಹಿಡಿಯೂದ ಬಿಟ್ಟೆ. ಇನ್ನ ಏನ್ ಬಿಡಬೇಕ್ರಿ ಅಕ್ಕಾರ?"

ಶೋಭಾ ಟವೆಲ್ ಮಡಚುತ್ತಲೇ ಇದ್ದರು. ಆಮ್ರಪಾಲಿ ತನ್ನ ಕತ್ತರಿ, ಹಣಿಗೆಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ ನಿಲ್ದಾಣಕ್ಕೆ ನಡೆದಳು.

ಸ್ವಂತ ಜಾಗ ಹುಡುಕುವುದು ಅವಳು ಅಂದುಕೊಂಡಿದ್ದಕ್ಕಿಂತ ಕಷ್ಟವಾಯಿತು. ಹುಕ್ಕೇರಿಯಲ್ಲಿ ಒಂದು ಕೋಣೆ ಗೊತ್ತಾಗಿತ್ತು. ಪೂರ್ತಿ ಹೆಸರು ಕೇಳಿದ ಮೇಲೆ ಮಾಲೀಕರಿಗೆ ತಮ್ಮ ಅಳಿಯನಿಗೆ ಕೋಣೆ ಬೇಕಾಗಿರುವುದು ನೆನಪಾಯಿತು. ಮೂಡಲಗಿಯಲ್ಲಿ ಎರಡು ಕಡೆ ಹಾಗೆಯೇ ಆಯಿತು. ಕೊನೆಗೆ ಅದೇ ಮೂಡಲಗಿಯಲ್ಲಿ ಹಿಟ್ಟಿನ ಗಿರಣಿಯ ಮಾಲಿಂಗಪ್ಪ ಸಿಕ್ಕರು. ಗಿರಣಿಗೆ ಅಂಟಿಕೊಂಡು ಖಾಲಿ ಚೀಲ ಒಟ್ಟುವ ಕೋಣೆಯೊಂದಿತ್ತು. ಊರು, ಓಣಿ ಅವರು ಏನೂ ಕೇಳಲಿಲ್ಲ. "ಹಿಟ್ಟ ಹಾರಿ ಬರ್ತೈತಿ ನೋಡ ತಂಗಿ. ನಾಳೆ ನನ್ನ ಕೂಡ ಜಗಳಾ ತಗಿಬ್ಯಾಡ," ಎಂದಷ್ಟೇ ಹೇಳಿ ಕೀಲಿಕೈ ಕೊಟ್ಟರು.

ಬೋರ್ಡು ಬರೆಸುವಾಗ ತಂದೆ ಉದ್ದಪ್ಪ ಅಂಜಿದ. ಬರೀ ಬ್ಯೂಟಿ ಪಾರ್ಲರ್ ಅಂತ ಬರೆಸು, ಹೆಸರು ಯಾಕೆ, ಹೆಸರು ಓದಿಯೇ ಹಿಂದಿರುಗುವವರಿದ್ದಾರೆ ಎಂದು ತಿಳಿಹೇಳಿದ. ಒಳಗೆ ಬಂದು ಕುರ್ಚಿಯಲ್ಲಿ ಕೂತು ಆಮೇಲೆ ಎದ್ದು ಹೋಗುವುದಕ್ಕಿಂತ ಬೋರ್ಡು ಓದಿಯೇ ಹೋಗಲಿ ಎಂದಳು ಮಗಳು. ನೀಲಿ ಅಕ್ಷರದಲ್ಲಿ ಆಮ್ರಪಾಲಿ ಎಂದು ದೊಡ್ಡದಾಗಿ, ಅದರ ಕೆಳಗೆ ಹುಬ್ಬು ಮತ್ತು ಕೂದಲು ಎಂದು ಬರೆಸಿದಳು.

ಮೂರು ವಾರ ಯಾರೂ ಬರಲಿಲ್ಲ. ಜೋಳದ ಡಬ್ಬಿ ಪಾಳಿಗಿಟ್ಟು ಹೊರಗಿನ ಕಟ್ಟೆಯ ಮೇಲೆ ಕೂತ ಹೆಂಗಸರು ಒಳಗೆ ಇಣುಕುತ್ತಿದ್ದರು, ಅಷ್ಟೆ. ಆಮ್ರಪಾಲಿ ದಿನವೂ ಸರಿಯಾಗಿ ಒಂಬತ್ತಕ್ಕೆ ಬಾಗಿಲು ತೆರೆದು ಕನ್ನಡಿಯ ಮೇಲಿನ ಹಿಟ್ಟು ಒರೆಸಿ ಕೂಡುತ್ತಿದ್ದಳು. ಮಧ್ಯಾಹ್ನಕ್ಕೆ ಮತ್ತೆ ಒರೆಸುತ್ತಿದ್ದಳು. ಬೇರೆ ಕೆಲಸವಿಲ್ಲದ್ದರಿಂದ ಕಟ್ಟೆಯ ಮೇಲಿನವರ ಮುಖ ನೋಡುತ್ತಿದ್ದಳು. ಹಿಟ್ಟಿನ ಧೂಳು ಹುಬ್ಬಿನ ಮೇಲೆ ಕೂತಾಗ ಒಂದೊಂದು ಕೂದಲೂ ಬೇರೆಯಾಗಿ ಕಾಣುತ್ತಿತ್ತು. ಯಾವುದು ಯಾವ ಕಡೆ ಮಲಗಿದೆ, ಎಲ್ಲಿ ದಟ್ಟ, ಎಲ್ಲಿ ವಿರಳ ಎಂದು ಅಲ್ಲಿಂದಲೇ ಓದಬಹುದಿತ್ತು. ಎರಡು ಮುಖದ ಹುಬ್ಬು ಒಂದೇ ತರಹ ಇದ್ದದ್ದನ್ನು ಅವಳು ಒಮ್ಮೆಯೂ ಕಾಣಲಿಲ್ಲ.

ಕೊನೆಗೆ ಒಳಗೆ ಬಂದವಳು ಬಾಳವ್ವ, ಐವತ್ತೈದು ದಾಟಿದ ಒಕ್ಕಲಗಿತ್ತಿ, ಕೊರಳಲ್ಲಿ ಲಿಂಗದ ಕರಡಿಗೆ. ಗಿರಣಿಯ ಪಾಳಿ ಉದ್ದವಿತ್ತು. ಹುಬ್ಬಿನ ಕೂದಲು ಉದ್ದ ಬೆಳೆದು ಕಣ್ಣಿಗೆ ಚುಚ್ಚುತ್ತವೆ, ಅದಕ್ಕೇನಾದರೂ ಮಾಡುತ್ತೀಯಾ ಎಂದು ಕೇಳಿದಳು. ತೆಳ್ಳಗೆ ಎಳೆದರೆ ಈ ವಯಸ್ಸಿನಲ್ಲಿ ಮೊಮ್ಮಕ್ಕಳೂ ನಗುತ್ತವೆ ಎಂದು ಎಚ್ಚರಿಕೆಯನ್ನೂ ಕೊಟ್ಟಳು. ಆಮ್ರಪಾಲಿ ದಾರ ಮುಟ್ಟಲೇ ಇಲ್ಲ. ಸಣ್ಣ ಬ್ರಶ್ಶಿನಿಂದ ಕೂದಲನ್ನು ಮೇಲಕ್ಕೆ ಬಾಚಿ, ಗೆರೆ ದಾಟಿದ ತುದಿಗಳನ್ನಷ್ಟೇ ಒಂದೊಂದಾಗಿ ಕತ್ತರಿಸಿ, ಮತ್ತೆ ಪಕ್ಕಕ್ಕೆ ಬಾಚಿದಳು. ಬಾಳವ್ವ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡಳು.

"ಮಾಡಿಸಿದಂಗ ಕಾಣೂದಿಲ್ಲಲ್ಲ," ಎಂದಳು.

ಆಮ್ರಪಾಲಿ ಮತ್ತೆ ಬ್ರಶ್ ಕೈಗೆತ್ತಿಕೊಂಡಳು.

"ಹಂಗ ಇರಬೇಕ," ಎಂದು ಬಾಳವ್ವ ಸೆರಗು ಸರಿಮಾಡಿಕೊಂಡಳು. "ಮಾರಿ ತೊಳದಂಗ ಆತ. ನನ್ನ ಸೊಸಿನ್ನೂ ಕಳಸ್ತೇನಿ."

ಸೊಸೆ ಬಂದಳು. ಸೊಸೆಯ ತಂಗಿ ಬಂದಳು. ಅವಳ ಹಿಂದೆ ಕಾಲೇಜಿನ ಹುಡುಗಿಯರು ಬಂದರು. ಬೋರ್ಡು ಓದಿ ಮುಂದೆ ಹೋದವರೂ ಇದ್ದರು; ಆಮ್ರಪಾಲಿ ಅವರನ್ನು ಕರೆಯಲಿಲ್ಲ.

ಹುಕ್ಕೇರಿಯ ಸುಮನ್ ಹೈಸ್ಕೂಲು ಶಿಕ್ಷಕಿ. ವರ್ಷಗಟ್ಟಲೆ ಎಳೆಸಿ ಎಳೆಸಿ ಅವಳ ಹುಬ್ಬು ನೂಲಿನೆಳೆಯಂತಾಗಿತ್ತು. ಬಲಗಡೆ ಎರಡು ಕಡೆ ಕೂದಲೇ ಇರಲಿಲ್ಲ. ಮೂರು ತಿಂಗಳಲ್ಲಿ ಮದುವೆ, ಒಂದು ಒಳ್ಳೆಯ ಆಕಾರ ಕೊಡು ಎಂದು ಮೂಡಲಗಿಯ ಗೆಳತಿಯ ಮಾತು ಕೇಳಿ ಬಂದಿದ್ದಳು. ಆಮ್ರಪಾಲಿ ಅವತ್ತು ಏನೂ ಮಾಡಲಿಲ್ಲ. ಎರಡೂವರೆ ತಿಂಗಳು ಯಾರೂ ಮುಟ್ಟಬಾರದು, ನಡುವೆ ಕಳೆಯಂತೆ ಬೆಳೆದು ಅಸಹ್ಯ ಕಾಣುತ್ತದೆ, ತಡೆದುಕೊಳ್ಳಬೇಕು ಎಂದಳು. ಸುಮನ್‌ಗೆ ಸಿಟ್ಟು ಬಂತು. ಶಾಲೆಗೆ ಹೀಗೆ ಹೇಗೆ ಹೋಗಲಿ ಎಂದು ಎರಡು ಸಲ ಫೋನು ಮಾಡಿ ರೇಗಾಡಿದಳು. ಎರಡು ಸಲವೂ ಆಮ್ರಪಾಲಿ ಅದನ್ನೇ ಹೇಳಿದಳು. ಮದುವೆಗೆ ನಾಲ್ಕು ದಿನವಿದ್ದಾಗ ಸುಮನ್ ಬಂದಳು. ಹುಬ್ಬು ಬಹುಪಾಲು ತುಂಬಿತ್ತು. ಅದಕ್ಕೆ ತನ್ನದೇ ಒಂದು ಬಾಗಿತ್ತು, ಎಡಕ್ಕಿಂತ ಬಲ ಒಂದೆಳೆ ಮೇಲೆ. ಆಮ್ರಪಾಲಿ ಕೆಳಗಿನ ಅಂಚನ್ನಷ್ಟೇ ಸ್ವಚ್ಛ ಮಾಡಿದಳು.

ಮದುವೆಯ ಬೆಳಿಗ್ಗೆ ಮದುಮಗಳ ಅಲಂಕಾರಕ್ಕೆಂದು ಆಮ್ರಪಾಲಿ ಹುಕ್ಕೇರಿಯ ಮನೆಗೆ ಹೋದಾಗ ಸುಮನ್‌ಳ ಸೋದರತ್ತೆ ಪಡಸಾಲೆಯಲ್ಲೇ ತಡೆದು ನಿಲ್ಲಿಸಿದರು. ಈಕೆ ಯಾವ ಓಣಿಯವಳೆಂದು ಯಾರೋ ಅವರಿಗೆ ಹೇಳಿದ್ದರು. ಕಾಲಿನ ಉಗುರಿಗೆ ಬಣ್ಣ ಈಕೆ ಹಚ್ಚಲಿ, ಮುಖಕ್ಕೆ ಊರಿನವರೇ ಒಬ್ಬರನ್ನು ಕರೆಸಿದ್ದೇವೆ ಎಂದರು. ಸುತ್ತ ಹತ್ತಾರು ಹೆಂಗಸರು. ಆಮ್ರಪಾಲಿ ಚೀಲವನ್ನು ಕೆಳಗಿಡಲಿಲ್ಲ.

"ನಾ ಮುಖದ ಕೆಲಸಕ್ಕ ಬಂದೇನ್ರಿ," ಎಂದಳು. "ಅದನ್ನ ಪೂರಾ ನಾನ ಮಾಡ್ತೇನಿ. ಬ್ಯಾಡಂದ್ರ ಈಗ ಹೊಂಟೆ, ಮೂಡಲಗಿ ಬಸ್ ಐತಿ."

ಒಳಕೋಣೆಯಿಂದ ಸುಮನ್ ಒಂದು ಕುರ್ಚಿ ಎಳೆದುಕೊಂಡು ಬಂದಳು, ಪಡಸಾಲೆಯ ನಡುವೆ ಬೆಳಕಿದ್ದ ಕಡೆ ಹಾಕಿದಳು, ಕೂತು ಮುಖ ಮೇಲೆತ್ತಿ ಕಣ್ಣು ಮುಚ್ಚಿದಳು.

ಆಮ್ರಪಾಲಿ ಕಪ್ಪು ಪೆನ್ಸಿಲ್ ಬಿಟ್ಟು ಕಂದು ಪೆನ್ಸಿಲ್ ತೆಗೆದಳು. ಇನ್ನೂ ತುಂಬದ ಎರಡು ಕಡೆ ಒಂದೊಂದೇ ಕೂದಲೆಂಬಂತೆ ಸಣ್ಣ ಗೆರೆ ಎಳೆದಳು, ಬಾಚಿದಳು, ದೂರ ಸರಿದು ನೋಡಿ ಮತ್ತೆ ಬಾಚಿದಳು. ಸೋದರತ್ತೆ ಬಾಗಿಲ ಚೌಕಟ್ಟು ಹಿಡಿದು ಕೊನೆಯವರೆಗೂ ನಿಂತಿದ್ದರು. ಕನ್ನಡಿ ಹಿಡಿದ ಸುಮನ್ ಬೆರಳಿನಿಂದ ಹುಬ್ಬನ್ನು ಮೆಲ್ಲಗೆ ಸವರಿಕೊಂಡು, ಚಿಕ್ಕಂದಿನ ಫೋಟೋದಲ್ಲಿ ಇದ್ದಂತೆಯೇ ಇದೆ ಎಂದಳು.

ಮುಂದಿನ ತಿಂಗಳು ಆ ಮನೆಯ ಮೂವರು ಮೂಡಲಗಿಗೆ ಬಂದರು. ಸೋದರತ್ತೆ ಬರಲಿಲ್ಲ, ಈವರೆಗೂ ಬಂದಿಲ್ಲ. ಅದರ ಬಗ್ಗೆ ಕೇಳಿದರೆ ಆಮ್ರಪಾಲಿ ಭುಜ ಕುಣಿಸುತ್ತಾಳೆ. ಬಂದವರನ್ನು ಮುಗಿಸುವುದಕ್ಕೇ ಹೊತ್ತು ಸಾಲುವುದಿಲ್ಲ ಎನ್ನುತ್ತಾಳೆ. ಈಗ ಮೇಳವಂಕಿಯ ನಂದಿನಿ ಎಂಬ ಹುಡುಗಿ ಅವಳ ಹತ್ತಿರ ಕಲಿಯಲು ಬರುತ್ತಿದ್ದಾಳೆ. ಮೊದಲ ದಿನವೇ ಅವಳಿಗೆ ಮುಖದ ಕುರ್ಚಿಯ ಬಾಜೂ ನಿಲ್ಲುವ ಜಾಗ ಸಿಕ್ಕಿದೆ.