ತೀರ್ಥಹಳ್ಳಿಗೆ ಹೋಗಿ ಮಲಗಿ ಮಾತಾಡಿದ್ದು

ಸಾಗರದಿಂದ ತೀರ್ಥಹಳ್ಳಿಗೆ ಎಪ್ಪತ್ತು ಚಿಲ್ಲರೆ ಕಿಲೋಮೀಟರು. ಉಳಿದವರು ಬೆಳಿಗ್ಗೆ ತಿಂಡಿ ತಿಂದು ಹೊರಟು, ವಿಚಾರ ಸಂಕಿರಣ ಮುಗಿಸಿ, ರಾತ್ರಿ ಊಟಕ್ಕೆ ಮನೆ ಸೇರುತ್ತಾರೆ. ನಾನು ಮೂರು ದಿನ ಇಟ್ಟುಕೊಂಡು ಹೊರಟೆ. ಹೋಗುವುದಕ್ಕೊಂದು, ಮಾತಾಡುವುದಕ್ಕೊಂದು, ಬರುವುದಕ್ಕೊಂದು. ನನ್ನ ಬೆನ್ನೆಲುಬಿನ ಬುಡದ ಕೀಲುಗಳಿಗೆ ಕೆಲವು ವರ್ಷದಿಂದ ವಾತ ಹತ್ತಿದೆ. ಬಿಟ್ಟು ಹೋಗುವ ಜಾತಿಯದಲ್ಲ, ಮಾತ್ರೆ ನುಂಗಿಕೊಂಡು ಅದರ ಜೊತೆಗೇ ಸಂಸಾರ ಮಾಡಬೇಕು. ಬಹಳ ಹೊತ್ತು ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ, ನಿಂತರೆ ಕಾಲು ಸೆಳೆಯುತ್ತದೆ. ಗಟ್ಟಿ ನೆಲದ ಮೇಲೆ ಚಾಪೆ ಹಾಸಿ ಮಲಗಿದರೆ ಮಾತ್ರ ಜೀವಕ್ಕೆ ಹಾಯೆನಿಸುತ್ತದೆ.

ಜೊತೆಗೆ ನಾಗವೇಣಿ ಇದ್ದಳು. ಎಂ.ಎ.ಯಲ್ಲಿ ಒಟ್ಟಿಗೆ ಓದಿದವಳು, ಈಗ ಪಿಎಚ್.ಡಿ.ಗೂ ಇಬ್ಬರಿಗೂ ಒಬ್ಬರೇ ಗೈಡ್. ಅವಳ ಚೀಲದಲ್ಲಿ ನನ್ನ ಪ್ರಬಂಧದ ಇನ್ನೊಂದು ಪ್ರತಿ ಇತ್ತು. "ಅವಳಿಗೆ ಆಗ್ಲಿಲ್ಲ ಅಂದ್ರೆ ನೀನೇ ಓದಿಬಿಡು" ಅಂತ ಗೈಡ್ ಅವಳಿಗೆ ಹೇಳಿ ಕಳಿಸಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಹಿಂದಿನ ಎರಡು ಸಂಕಿರಣಗಳಲ್ಲೂ ಹಾಗೇ ಆಗಿತ್ತು. ಎರಡನೆಯದರಲ್ಲಂತೂ ನಾನು ಪಕ್ಕದ ಕೋಣೆಯಲ್ಲೇ ಮಲಗಿದ್ದೆ. ಗೋಡೆಯಾಚೆ ಮೈಕಿನಲ್ಲಿ "ಲೇಖಕಿಯ ಅನುಪಸ್ಥಿತಿಯಲ್ಲಿ" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಾಗವೇಣಿ ಚೆನ್ನಾಗಿಯೇ ಓದಿದಳು, ಜನ ಚಪ್ಪಾಳೆಯನ್ನೂ ಹೊಡೆದರು. ಪ್ರಶ್ನೆ ಮಾತ್ರ ಯಾರೂ ಕೇಳಲಿಲ್ಲ. ಬರೆದವಳೇ ಇಲ್ಲದ ಮೇಲೆ ಯಾರನ್ನು ಕೇಳುವುದು? ಅವತ್ತು ನಾನು ಅತ್ತದ್ದು ನೋವಿಗಲ್ಲ, ಸಿಟ್ಟಿಗೆ. ಈ ಸಲ ನನ್ನ ಮಾತು ನನ್ನ ಬಾಯಿಂದಲೇ ಬರಬೇಕು, ಇಲ್ಲವಾದರೆ ಇನ್ನು ಸಂಕಿರಣದ ಹೆಸರೇ ಎತ್ತುವುದಿಲ್ಲ ಎಂದು ನಿಶ್ಚಯ ಮಾಡಿಕೊಂಡೇ ಮನೆಬಿಟ್ಟಿದ್ದೆ.

ಮೊದಲ ಬಸ್ಸು ಹೊಸನಗರದವರೆಗೆ. ಖಾಸಗಿ ಬಸ್ಸಾದ್ದರಿಂದ ಹೆಂಗಸರಿಗೂ ಟಿಕೆಟ್ಟು ಉಂಟು. ಮಾಗಿಯ ಚಳಿ, ಒಂಬತ್ತಾದರೂ ಮಂಜು ಹರಿದಿರಲಿಲ್ಲ, ಅಂಥ ಚಳಿಯಲ್ಲಿ ನನ್ನ ಕೀಲುಗಳು ತುಕ್ಕು ಹಿಡಿದ ಬಾಗಿಲಿನ ಹಾಗೆ. ಅಂಗವಿಕಲರಿಗೆ ಎಂದು ಬರೆದ ಸೀಟಿನಲ್ಲಿ ದಪ್ಪನೆಯ ಗಂಡಸೊಬ್ಬರು ಕೂತಿದ್ದರು. ಜಾಗ ಕೇಳಿದರೆ ಮೇಲಿಂದ ಕೆಳಗೆ ನೋಡಿದರು.

"ನಿಮಗೆ ಎಂತ ಆಗಿದೆ ಮಾರಾಯ್ರೆ? ಚೆನ್ನಾಗೇ ಇದ್ದೀರಲ್ಲ!"

ಕೈಯಲ್ಲಿದ್ದ ಊರುಗೋಲು ತೋರಿಸಿ, ಬೆನ್ನು ಅಂದೆ. "ಓ, ಬೆನ್ನಾ?" ಎಂದವರೇ ಎದ್ದು ಜಾಗ ಬಿಟ್ಟರು. ಬಿಟ್ಟು ಸುಮ್ಮನಾದರಾ? ಬಟ್ಟೆಮಲ್ಲಪ್ಪ ಬರುವವರೆಗೂ ಕಂಬಿ ಹಿಡಿದು ನಿಂತು ಲಕ್ಕಿಸೊಪ್ಪಿನ ಸ್ನಾನ ಮಾಡುವ ಕ್ರಮ ಹೇಳಿದರು. ಹಿಂದಿನ ಸೀಟಿನ ಹೆಂಗಸು ಲಕ್ಕಿಸೊಪ್ಪು ಉಪಯೋಗವಿಲ್ಲ, ಹುರುಳಿಕಾಳಿನ ಶಾಖವೇ ಆಗಬೇಕೆಂದರು. ಕಂಡಕ್ಟರ್ ಚಿಲ್ಲರೆ ಕೊಡುತ್ತಾ ಕೇರಳದ ಒಂದು ಎಣ್ಣೆಯ ಹೆಸರು ಹೇಳಿದ. ಬಿಟ್ಟಿ ಔಷಧಿಗೆ ನಮ್ಮ ಸೀಮೆಯಲ್ಲಿ ಎಂದೂ ಬರಗಾಲ ಬಂದಿಲ್ಲ. ಎಲ್ಲದಕ್ಕೂ ಹೂಂ ಅಂದೆ, ಜಗಳಕ್ಕೆ ಶಕ್ತಿ ಯಾಕೆ ಖರ್ಚು ಮಾಡುವುದು?

ಹೊಸನಗರದಲ್ಲಿ ಇಳಿದಾಗ ಸೊಂಟ ಪೂರ್ತಿ ಮುಷ್ಕರ ಹೂಡಿತ್ತು. ಬಸ್ ನಿಲ್ದಾಣದ ಸಿಮೆಂಟ್ ಬೆಂಚು ಉದ್ದಕ್ಕೆ, ಗಟ್ಟಿಯಾಗಿ, ನನ್ನ ಅಳತೆಗೇ ಕಟ್ಟಿಸಿದಂತಿತ್ತು. ನಾಚಿಕೆ ಪಟ್ಟರೆ ಆಗದು ಅಂತ ಶಾಲು ಹಾಸಿ ಮಲಗಿ ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಮುಖದ ಮೇಲೆ ಪಚಕ್ಕನೆ ತಣ್ಣೀರು ಬಿತ್ತು. ಅಜ್ಜಿಯೊಬ್ಬರು ಬಾಟಲಿ ಹಿಡಿದು ಗಾಬರಿಯಿಂದ ನಿಂತಿದ್ದರು.

"ತಲೆ ತಿರುಗಿ ಬಿದ್ದಿದ್ದಲ್ಲ ಅಜ್ಜೀ, ಅವಳು ಸುಮ್ನೆ ಮಲ್ಗಿದ್ದಾಳೆ" ಎಂದಳು ನಾಗವೇಣಿ.

"ಸುಮ್ನೆ ಮಲ್ಗದಾ? ಯಾಕೆ, ಮನೆ ಇಲ್ವಾ ಇವ್ಳಿಗೆ?"

ನಗು ಬಂದು ಬೆನ್ನು ಇನ್ನಷ್ಟು ನೊಂದಿತು. ಎದ್ದು ಎದುರಿನ ಹೋಟೆಲಿನಲ್ಲಿ ಬಿಸಿ ಬನ್ಸು, ಚಟ್ನಿ ತಿಂದು, ಎರಡು ಲೋಟ ಚಹಾ ಕುಡಿದು ಮುಂದಿನ ಬಸ್ಸು ಹಿಡಿದೆವು. ಆ ರಸ್ತೆಯ ತಿರುವುಗಳನ್ನು ನಾನು ಕಣ್ಣಿನಿಂದ ನೋಡಲಿಲ್ಲ, ಬೆನ್ನಿನಿಂದ ನೋಡಿದೆ. ಸಂಜೆಗೆ ಮುಂಚೆ ತೀರ್ಥಹಳ್ಳಿ ಮುಟ್ಟಿದೆವು. ಲಾಡ್ಜಿನ ಕೋಣೆ ಚೊಕ್ಕಟವಾಗಿತ್ತು. ಸ್ಪಂಜಿನ ಹಾಸಿಗೆಯನ್ನು ನಾಗವೇಣಿಗೆ ದಾನ ಮಾಡಿ, ನಾನು ನೆಲದ ಮೇಲೆ ಕಂಬಳಿ ಹಾಸಿಕೊಂಡು ಸುಖವಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಎದ್ದಾಗ ಮೈ ಹಗುರಾಗಿತ್ತು. ಹತ್ತು ಗಂಟೆಗೆ ಕಾಲೇಜಿನ ಸಭಾಂಗಣಕ್ಕೆ ಹೋದೆವು. ಬಾಗಿಲಲ್ಲೇ ಸಂಚಾಲಕರಾದ ಕನ್ನಡದ ಮೇಷ್ಟ್ರು ಎದುರುಗೊಂಡರು. ವಾರದ ಹಿಂದೆ ನಾನೇ ಫೋನ್ ಮಾಡಿ "ಸರ್, ನನಗೆ ಬೆನ್ನು ನೋವು, ಕೂರೋದು ಕಷ್ಟ, ಸ್ವಲ್ಪ ನೋಡ್ಕೊಳ್ಳಿ" ಅಂದಿದ್ದೆ. ಅವರು ನೋಡಿಕೊಂಡಿದ್ದರು! ವೇದಿಕೆಯ ಮೇಲೆ, ಉದ್ಘಾಟಕರ ಪಕ್ಕದಲ್ಲೇ, ಪ್ರಾಂಶುಪಾಲರ ಕೋಣೆಯಿಂದ ಹೊರಿಸಿಕೊಂಡು ಬಂದ ಸೋಫಾ ಇಟ್ಟಿದ್ದರು. ಅದಕ್ಕೆ ಬಿಳಿ ಟರ್ಕಿ ಟವೆಲ್ ಬೇರೆ. ನಮ್ಮ ಕಡೆ ಯಾರಿಗಾದರೂ ಕಷ್ಟ ಅಂತ ಗೊತ್ತಾದರೆ ಮೊದಲು ಅವರನ್ನು ಎತ್ತರದಲ್ಲಿ ಕೂರಿಸಿ ಮರ್ಯಾದೆ ಮಾಡುವುದು, ಆಮೇಲೆ ಉಳಿದದ್ದು. ಬೇಡ ಅನ್ನುವಷ್ಟರಲ್ಲಿ ಕೈ ಹಿಡಿದು ಹತ್ತಿಸಿಯೇಬಿಟ್ಟರು. ಕೂತೆ. ಸೋಫಾ ನನ್ನನ್ನು ಮೊಣಕಾಲು ಎದೆಗೆ ಬರುವಷ್ಟು ನುಂಗಿತು. ಫೋಟೋಕ್ಕೆ ಚೆನ್ನಾಗಿ ಕಾಣುವುದಿಲ್ಲ ಅಂತ ಯಾರೋ ನನ್ನ ಕೋಲನ್ನು ಪರದೆಯ ಹಿಂದೆ ಇಟ್ಟುಬಂದರು.

ಆಮೇಲಿನದನ್ನು ಸಂಕಿರಣಕ್ಕೆ ಹೋದವರಿಗೆ ನಾನು ವಿವರಿಸಬೇಕಾಗಿಲ್ಲ. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ಆಶಯ ಭಾಷಣ, ಅಧ್ಯಕ್ಷರ ಮಾತು. ವೇದಿಕೆಯಲ್ಲಿದ್ದವರಿಗೆಲ್ಲ ಶಾಲು ಹೊದಿಸಿದರು, ನನಗೂ ಒಂದು ಬಂತು. ನಡುವೆ ಎದ್ದು ಹೋದರೆ ಭಾಷಣಕಾರರಿಗೆ ಅವಮಾನ, ಏಳದಿದ್ದರೆ ನನ್ನ ಕಥೆ ಮುಗಿಯಿತು. ಹಲ್ಲು ಕಚ್ಚಿ ಕೂತೆ. ಊಟದ ಹೊತ್ತಿಗೆ ನನ್ನನ್ನು ಎಬ್ಬಿಸಲು ಇಬ್ಬರು ಬೇಕಾಯಿತು.

ಎಲ್ಲರೂ ತಂಬುಳಿ, ಹೋಳಿಗೆ ಉಣ್ಣುವಾಗ ನಾನು ಅಧ್ಯಾಪಕರ ಕೊಠಡಿಯ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದೆ. ನನ್ನ ಪ್ರಬಂಧ ಊಟದ ನಂತರ ಮೊದಲನೆಯದು. ಎರಡು ಸಲ ಏಳಲು ನೋಡಿದೆ, ಎರಡು ಸಲವೂ ಕಣ್ಣು ಕತ್ತಲೆ ಬಂತು. ನಾಗವೇಣಿ ಪಕ್ಕದಲ್ಲಿ ಕೂತು ಮೆಲ್ಲಗೆ ಚೀಲದ ಜಿಪ್ ಎಳೆದಳು.

"ನಾ ಓದ್ಲಾ?"

"ಬೇಡ."

"ಹಟ ಮಾಡ್ಬೇಡ ಮಾರಾಯ್ತಿ. ಏಳಕ್ಕೇ ಆಗ್ತಿಲ್ಲ, ಎಂತ ಮಾಡ್ತೀಯ?"

"ಏಳಲ್ಲ. ಈ ಚಾಪೆನೇ ಅಲ್ಲಿಗೆ ತಗೊಂಡು ಹೋಗಿ. ಬಾಯಿಗೆ ಎಂತ ಆಗಿದೆ ನನಗೆ?"

ಅದನ್ನು ಹೇಳಿದ ಮೇಲೆ ನನಗೇ ಅಂಜಿಕೆಯಾಯಿತು. ಆದರೆ ಹೇಳಿಯಾಗಿತ್ತು. ಸಂಚಾಲಕರು ಪಾಪ, ಸೋಫಾದ ಸಂಗತಿ ತಿಳಿದು ಮುಖ ಸಣ್ಣದು ಮಾಡಿಕೊಂಡಿದ್ದರು, ಏನು ಹೇಳಿದರೂ ಮಾಡಲು ತಯಾರಿದ್ದರು. ವೇದಿಕೆಯ ಮೇಲೆ ಎರಡು ಉದ್ದ ಮೇಜು ಜೋಡಿಸಿ, ಮೇಲೆ ಚಾಪೆ ಹಾಸಿದರು. ನನ್ನನ್ನು ಆನಿಸಿಕೊಂಡು ಕರೆತಂದರು. ಆಗ ಶುರುವಾಯಿತು ನೋಡಿ ನಿಜವಾದ ಗೋಷ್ಠಿ: ಕಾಲು ಯಾವ ಕಡೆ ಚಾಚುವುದು?

ಸಭೆಯ ಕಡೆ ಚಾಚುವ ಹಾಗಿಲ್ಲ, ಮುಂದಿನ ಸಾಲಿನಲ್ಲೆಲ್ಲ ಹಿರಿಯರು. ಹಿಂದಿನ ಗೋಡೆಯ ಕಡೆ ಚಾಚಿದರೆ ಜನಕ್ಕೆ ನನ್ನ ನೆತ್ತಿ ಮಾತ್ರ ಕಾಣುತ್ತದೆ. ವೇದಿಕೆಯ ಉದ್ದಕ್ಕೆ ಮಲಗೋಣವೆಂದರೆ ಉತ್ತರದ ಕೊನೆಯಲ್ಲಿ ಸರಸ್ವತಿಯ ಪಟ, ದೀಪದ ಕಂಬ. ಆ ಕಡೆ ಕಾಲು ಚಾಚಿದರೆ ವಿದ್ಯೆಗೇ ಒದ್ದ ಹಾಗೆ. ತಲೆಯನ್ನಾದರೂ ಆ ಕಡೆ ಇಡೋಣ ಅಂದರೆ, "ಅಯ್ಯೋ, ಉತ್ತರಕ್ಕೆ ತಲೆ ಹಾಕಿ ಮಲಗ್ಸೋದು ಹೆಣಾನ ಮಾತ್ರ!" ಎಂದು ಮುಂದಿನ ಸಾಲಿನಿಂದ ಹೆಂಗಸರ ದನಿ ಬಂತು. ಸಂಚಾಲಕರು ಬೆವರು ಒರೆಸಿಕೊಂಡರು. ನಾನು ನಾಗವೇಣಿಯ ಹೆಗಲಿಗೆ ಜೋತುಬಿದ್ದು ಕಾಯುತ್ತಿದ್ದೆ. ನಾನು ಬೀಳುವುದಕ್ಕೆ ಇನ್ನು ಬಹಳ ಹೊತ್ತು ಉಳಿದಿರಲಿಲ್ಲ.

ಗೋಷ್ಠಿಯ ಅಧ್ಯಕ್ಷರು ಬಿಳಿ ಪಂಚೆಯ ನಿವೃತ್ತ ಪ್ರಾಧ್ಯಾಪಕರು, ಎಂಬತ್ತರ ಹತ್ತಿರದವರು. ಅಲ್ಲಿಯವರೆಗೆ ಸುಮ್ಮನೆ ಅಡಿಕೆ ಅಗಿಯುತ್ತಿದ್ದವರು ಎದ್ದರು. ದೀಪ ಊಟಕ್ಕೆ ಮುಂಚೆಯೇ ಆರಿತ್ತು. ಸರಸ್ವತಿಯ ಪಟವನ್ನು ತಾವೇ ಎರಡೂ ಕೈಯಲ್ಲಿ ಎತ್ತಿ ತಂದು ಮೇಜಿನ ದಕ್ಷಿಣದ ತುದಿಯಲ್ಲಿಟ್ಟರು. ಆಮೇಲೆ ತಮ್ಮ ಕುರ್ಚಿ ಎಳೆದುಕೊಂಡು ಉತ್ತರದ ತುದಿಯಲ್ಲಿ ಕೂತರು.

"ತಲೆ ತಾಯಿ ಹತ್ರ ಇರ್ಲಿ. ಕಾಲು ನನ್ನ ಕಡೆ ಚಾಚು ಮಗು."

"ಅಯ್ಯೋ ಸರ್, ನಿಮ್ಮ ಕಡೆ ಹೆಂಗೆ..."

"ಮೊಮ್ಮಕ್ಕಳು ನನ್ನ ಹೊಟ್ಟೆ ಮೇಲೇ ಒದ್ದಿದ್ದಾವೆ. ಮಲಕ್ಕೋ, ಹೊತ್ತಾಯ್ತು. ಹದಿನೈದೇ ನಿಮಿಷ ಇರೋದು ನಿಂಗೆ, ಮಲಗಿದ್ದೀಯ ಅಂತ ಜಾಸ್ತಿ ಕೊಡಲ್ಲ!"

ಮಲಗಿದೆ. ನಾಗವೇಣಿ ಸನ್ಮಾನದ ಶಾಲನ್ನೇ ಕಾಲ ಮೇಲೆ ಹೊದಿಸಿ, ಮೈಕನ್ನು ನನ್ನ ಕೈಗೆ ಕೊಟ್ಟು ಕೆಳಗಿಳಿದಳು. ಮಗ್ಗುಲಾಗಿ ಸಭೆಯ ಕಡೆ ತಿರುಗಿದೆ. ಅಡ್ಡ ಮಲಗಿ ನೋಡಿದರೆ ಸಭೆಯೂ ಅಡ್ಡವೇ ಕಾಣುತ್ತದೆ. ಮೊದಲು ಅಲ್ಲಲ್ಲಿ ಕಿಸಕ್ ಅಂದರು, ಆಮೇಲೆ ಸದ್ದಿಲ್ಲ. ನನ್ನ ವಿಷಯ ಹಳೆಯ ಘಟ್ಟದ ದಾರಿಗಳಲ್ಲಿ ನಡೆಯುವವರಿಗಾಗಿ ಕಟ್ಟಿದ್ದ ಕಟ್ಟೆಗಳು. ಕವಲೇದುರ್ಗದ ಸುತ್ತಿನಿಂದ ಆಗುಂಬೆಯವರೆಗೆ ನಾನು ಕೆಳಗೆ ಕೂತು, ನಾಗವೇಣಿ ಗುಡ್ಡ ಹತ್ತಿ ಫೋಟೋ ತೆಗೆದು, ಎರಡು ವರ್ಷ ಓಡಾಡಿ ಬರೆದದ್ದು. ಹಾಳೆ ನೋಡಬೇಕಾಗಲಿಲ್ಲ. ಮಾತು ತಾನಾಗಿ ಬಂತು. ಆ ಹೊತ್ತಿನಷ್ಟು ಖುಷಿ ನನಗೆ ಈಚಿನ ವರ್ಷಗಳಲ್ಲಿ ಆಗಿರಲಿಲ್ಲ.

ಮುಗಿದಾಗ ಚಪ್ಪಾಳೆ ಜೋರಾಗಿಯೇ ಬಂತು. ಅದರಲ್ಲಿ ಕನಿಕರ ಎಷ್ಟು, ಮೆಚ್ಚುಗೆ ಎಷ್ಟು ಎಂದು ಅಳೆಯುತ್ತಿದ್ದೆ. ಆಗ ಹೊಸನಗರದ ಕಡೆಯಿಂದ ಬಂದಿದ್ದ ಇತಿಹಾಸದ ಮೇಡಂ ಒಬ್ಬರು ಎದ್ದರು. ದನಿಯಲ್ಲಿ ಸಕ್ಕರೆ ಒಂದು ಚೂರೂ ಇರಲಿಲ್ಲ.

"ನಿಮ್ಮ ಎರಡನೇ ಭಾಗ ಪೂರ್ತಿ ತಪ್ಪು ಅನ್ಸುತ್ತೆ ನಂಗೆ. ಎಲ್ಲಾ ಕಟ್ಟೆನೂ ಕೂರೋಕೆ ಅಂತ ಹಿಡ್ಕೊಂಡಿದ್ದೀರಿ. ಎರಡು ಕಂಬದ ಮೇಲೆ ಎದೆಮಟ್ಟಕ್ಕೆ ಹಾಸುಗಲ್ಲು ಇರೋದನ್ನ ಹಾಳುಮಂಟಪ ಅಂತ ಬಿಟ್ಟಿದ್ದೀರಿ. ತಲೆ ಮೇಲೆ ಹೊರೆ ಇದ್ದೋನು ಕೂರ್ತಾನೇನ್ರೀ? ಕೂತ್ರೆ ಏಳೋದು ಹೆಂಗೆ? ನಿಂತಲ್ಲೇ ಹೊರೆ ಇಳಿಸಿ, ನಿಂತಲ್ಲೇ ಹೊತ್ಕೊಂಡು ಹೋಗೋಕೆ ಆ ಕಲ್ಲು!"

ಮಲಗಿದ ಹುಡುಗಿಗೆ ಹೀಗಾ ಅನ್ನುವುದು ಅಂತ ಯಾರೋ ಗೊಣಗಿದರು. ಮೇಡಂ ಹೇಳಿದ್ದು ನಿಜ. ಕೂತರೆ ಏಳುವುದು ಎಷ್ಟು ಕಷ್ಟ ಅಂತ ಆ ಸಭೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆದರೂ ಹೊಳೆದಿರಲಿಲ್ಲವಲ್ಲ! ಕೆಲವು ಕಲ್ಲುಗಳ ವಿಷಯದಲ್ಲಿ ಒಪ್ಪಿದೆ, ಉಳಿದವಕ್ಕೆ ವಾದ ಹೂಡಿದೆ. ಅವರು ಬಿಡಲಿಲ್ಲ, ನಾನೂ ಬಿಡಲಿಲ್ಲ. ಕೊನೆಗೆ ಅಧ್ಯಕ್ಷರು ಮೇಜು ಬಡಿದು "ಉಳಿದವರಿಗೂ ಹೊತ್ತು ಬಿಡಿ ತಾಯಂದಿರಾ" ಅನ್ನಬೇಕಾಯಿತು. ಚಹಾದ ಹೊತ್ತಿಗೆ ನಾನೂ ಚಾಪೆಯೂ ಅಧ್ಯಾಪಕರ ಕೊಠಡಿಗೆ ಮರಳಿದ್ದೆವು, ಮೇಡಂ ಪಕ್ಕ ಬಂದು ನೆಲದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತು, ಹೊಸನಗರದ ಆಚೆ ನೋಡಬೇಕಾದ ಕಲ್ಲುಗಳನ್ನು ಹೇಳಿದರು.

ಮಾರನೆಯ ದಿನ ಹತ್ತು ಗಂಟೆಯ ಬಸ್ಸಿಗೆ ಹೊರಟೆವು. ನೋವು ಇತ್ತು, ಹಿಂದಿನ ದಿನದ ಸೋಫಾದ ಬಡ್ಡಿಯೂ ಸೇರಿಕೊಂಡಿತ್ತು. ಸೇತುವೆ ದಾಟುವಾಗ ತುಂಗೆಯ ಮೇಲೆ ಮಂಜು ಆಗಷ್ಟೇ ಒಡೆಯುತ್ತಿತ್ತು, ಬಂಡೆಗಳ ಮೇಲೆ ಬಟ್ಟೆ ಒಗೆಯುವವರು ಕಾಣುತ್ತಿದ್ದರು. ಅಷ್ಟರಲ್ಲಿ ಗೈಡ್ ಫೋನ್ ಮಾಡಿದರು.

"ಹೆಂಗಿದೀಯಮ್ಮಾ? ಬೆನ್ನು ಹೆಂಗಿದೆ?"

"ಬೆನ್ನು ಬಿಡಿ ಸರ್," ಅಂದೆ, "ಪ್ರಬಂಧದ ಎರಡನೇ ಭಾಗ ಹೋಯ್ತು. ಪೂರ್ತಿ ಮತ್ತೆ ಬರೀಬೇಕು!"

ಅವರು ಕೇಳಿದರು, "ಹಾಗಾದ್ರೆ ನೀನೇ ಓದಿದ್ಯಾ?"